ಎಡಗೈ ಕುದುರುವವರೆಗೆ

ರಾಯಚೂರಿನಲ್ಲಿ ಪ್ರಕೃತಿ ಚಿಕಿತ್ಸಾ ವೈದ್ಯನಾಗಿರುವ ನಾನು, ಕಿರಿಯ ವೈದ್ಯರಿಗೆ ಅಕ್ಯುಪಂಕ್ಚರ್ ಸೂಜಿ ಹಾಕುವುದನ್ನು ಕಲಿಸುತ್ತೇನೆ. ಬಿಂದುಗಳ ಜಾಗ ಅವರಿಗೆ ಗೊತ್ತಿರುತ್ತದೆ. ಎಸ್‌ಟಿ-36 ಎಂಬ ಕಾಲಿನ ಬಿಂದುವನ್ನು ತೋರಿಸಿ ಎಂದರೆ, ಮಂಡಿಚಿಪ್ಪಿನ ಕೆಳಗಿನ ಹೊರಗುಳಿಯಿಂದ ರೋಗಿಯದೇ ನಾಲ್ಕು ಬೆರಳಗಲ, ಅಂದರೆ 3 ಚುನ್ (ರೋಗಿಯ ಬೆರಳನ್ನೇ ಅಳತೆಗೋಲಾಗಿಸುವ ಚೀನೀ ಮಾನ) ಕೆಳಕ್ಕೆ ಅಳೆದು, ಕಾಲಿನ ಮುಂಭಾಗದ ಮೂಳೆಯ ಏಣಿನಿಂದ ಒಂದು ಬೆರಳು ಹೊರಗೆ ಗುರುತು ಹಾಕುತ್ತಾರೆ. ಆದರೆ 0.25 ಮಿ.ಮೀ. ದಪ್ಪದ ಸೂಜಿ ಕೈಗೆ ಬಂದೊಡನೆ ಅದು ಬಾಗುತ್ತದೆ, ಓರೆಯಾಗುತ್ತದೆ.

ಮೊದಲು ನಾನು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ನನ್ನ ಬೆರಳುಗಳನ್ನು ನಿಧಾನಗತಿಯಲ್ಲಿ ಚಿತ್ರೀಕರಿಸಿ ಟಿ.ವಿ.ಯಲ್ಲಿ ತೋರಿಸಿದೆ. ಕೋನವೇನೋ ಸುಧಾರಿಸಿತು, ಒತ್ತಡ ಎಷ್ಟೆಂಬುದು ಮಾತ್ರ ಚಿತ್ರದಲ್ಲಿ ಕಾಣಲಿಲ್ಲ.

ಆಗ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ತಂದೆ. ನಮ್ಮ ಭಾಗದಲ್ಲಿ ಧಾರಾಳವಾಗಿ ಸಿಗುವ ಹತ್ತಿಯನ್ನು ಬಿಗಿಯಾಗಿ ಸುತ್ತಿ, ಬಟ್ಟೆ ಹೊದಿಸಿ ದಾರದಿಂದ ಕಟ್ಟಿ, ತಕ್ಕಡಿಯ ಮೇಲಿಟ್ಟೆ. ಸೂಜಿಯನ್ನು ನೆಟ್ಟಗೆ ಹಿಡಿದಿಡುವ ಸಣ್ಣ ಕೊಳವೆಯಾದ ಗೈಡ್ ಟ್ಯೂಬಿನ ಮೇಲೆ ತಟ್ಟುವ ಕ್ಷಣವನ್ನು ಹಿಡಿಯುವಷ್ಟು ಅದು ಚುರುಕಲ್ಲ. ಆದರೆ ಆಮೇಲೆ ಸೂಜಿಯನ್ನು ತಿರುವುತ್ತ ಇಳಿಸುವಾಗ ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ. ನಾನು ನಿರೀಕ್ಷಿಸದೇ ಇದ್ದ ಸಂಗತಿಯೊಂದು ಇಲ್ಲಿ ಹೊರಬಿತ್ತು. ಚರ್ಮವನ್ನು ಹಿಡಿದಿರಬೇಕಾದ ಎಡಗೈಯನ್ನು ಆ ಹತ್ತಿಯ ಮೇಲೆ ಇರಿಸಿ, ತಕ್ಕಡಿಯನ್ನು ಸೊನ್ನೆಗೆ ತಂದು ಆರಂಭಿಸಿದರೆ, ಬಲಗೈ ಸೂಜಿಯನ್ನು ಮುಟ್ಟುವ ಮೊದಲೇ ಅಂಕಿ ಏರಿಳಿಯುತ್ತಿತ್ತು. ಅಲುಗುತ್ತಿದ್ದುದು ಎಡಗೈ, ನಾನೋ ಅಷ್ಟು ದಿನ ಬಲಗೈಯನ್ನೇ ತಿದ್ದುತ್ತಿದ್ದೆ. ಅದಕ್ಕಾಗಿ ಇಂದಿಗೂ ನನಗೆ ಬೇಸರವಿದೆ. ಈಗ ಮೊದಲ ವಾರ ಸೂಜಿಯನ್ನೇ ಕೊಡದೆ, ಎಡಗೈಯಿಂದ ಅಂಕಿಯನ್ನು ನಿಲ್ಲಿಸಿ ಹಿಡಿಯುವ ಅಭ್ಯಾಸ ಮಾಡಿಸುತ್ತೇನೆ. ಕೈ ಕುದುರಿದ ಮೇಲೆ ತಕ್ಕಡಿಯ ಪರದೆಗೆ ಕಾಗದ ಅಂಟಿಸುತ್ತೇನೆ, ಇಲ್ಲವಾದರೆ ಕಣ್ಣು ಅಂಕಿಯ ಮೇಲೆಯೇ ಇರುತ್ತದೆ.

ಭುಜದ ಮೇಲಿನ ಜಿಬಿ-21 ಬಿಂದುವಿಗೆ ಮಾತ್ರ ಈ ಯಾವ ಅಭ್ಯಾಸವೂ ಸಾಲದು. ಅದರ ಕೆಳಗೆ ಶ್ವಾಸಕೋಶದ ತುದಿ ಇರುವುದರಿಂದ, ಸೂಜಿ ಆಳಕ್ಕೆ ಇಳಿದರೆ ಎದೆಗೂಡಿನಲ್ಲಿ ಗಾಳಿ ತುಂಬುವ ಅಪಾಯವಿದೆ. ಹೊಸಬರಿಗೆ ನಾನು ಅದನ್ನು ಬಿಡುವುದೇ ಇಲ್ಲ.

ಕೊನೆಯಲ್ಲಿ ನನ್ನ ಕಾಲನ್ನೇ ಒಡ್ಡುತ್ತೇನೆ. ಕಳೆದ ತಂಡದ ಹುಡುಗಿಯೊಬ್ಬಳು ಎಸ್‌ಟಿ-36ರಲ್ಲಿ ಸೂಜಿ ಇಳಿಸುತ್ತಿದ್ದವಳು ತಟಕ್ಕನೆ ನಿಂತು, "ಸರ್, ಒಳಗೆ ಏನೋ ಸೂಜಿಯನ್ನು ಹಿಡಿದುಕೊಂಡ ಹಾಗಾಯಿತು" ಎಂದಳು. ಅದೇ ಹೊತ್ತಿಗೆ ನನ್ನ ಕಾಲಿನಲ್ಲಿ ಭಾರವಾದ ಜೋಮು ಪಾದದ ಕಡೆಗೆ ಇಳಿಯುತ್ತಿತ್ತು.