ಮೋಟಾರ್ ಸುಟ್ಟಿತಾ? ರೀವೈಂಡಿಂಗ್‌ಗೆ ಮುಂಚೆ ಕಾರಣ ಹುಡುಕಿ

ಬೋರ್‌ವೆಲ್ ಮೋಟಾರ್ ಸುಟ್ಟರೆ ಮೇಲೆತ್ತಿಸಿ, ರೀವೈಂಡಿಂಗ್ ಮಾಡಿಸಿ (ಒಳಗಿನ ತಂತಿ ಹೊಸದಾಗಿ ಸುತ್ತಿಸಿ), ಮತ್ತೆ ಇಳಿಸುತ್ತೇವೆ. ಯಾಕೆ ಸುಟ್ಟಿತು ಅಂತ ನೋಡದಿದ್ದರೆ ಅದೇ ಕಾರಣಕ್ಕೆ ಹೊಸ ತಂತಿಯೂ ಸುಡುತ್ತದೆ. ಬೆಳೆ ಬಾಡುತ್ತಿರುವಾಗ ಅವಸರ ಸಹಜ. ಆದರೂ ಸ್ವಲ್ಪ ಹೊತ್ತು ಇದಕ್ಕೆ ಕೊಡಿ.

ಮೊದಲಿಗೆ, ನೀವು ನೋಡುವ ತನಕ ಹಳೇ ತಂತಿ ಕೀಳಬೇಡಿ ಅಂತ ಅಂಗಡಿಯವರಿಗೆ ಹೇಳಿ. ಸಾಕ್ಷಿ ಇರುವುದೇ ಅಲ್ಲಿ. ವೈಂಡಿಂಗ್ ಪೂರ್ತಿ ಒಂದೇ ಸಮ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ಕಡಿಮೆ ವೋಲ್ಟೇಜ್ ಇರಬೇಕು. ಸ್ಟಾರ್ ಜೋಡಣೆಯಲ್ಲಿ (ಮೂರೂ ಫೇಸಿನ ಕಾಯಿಲ್‌ಗಳ ಒಂದೊಂದು ತುದಿ ಒಂದೇ ಕಡೆ ಸೇರಿರುತ್ತದೆ) ಎರಡು ಫೇಸಿನ ಕಾಯಿಲ್ ಸುಟ್ಟು ಮೂರನೆಯದು ಹೊಸದರಂತೆ ಉಳಿದಿದ್ದರೆ, ಒಂದು ಫೇಸ್ ಹೋದ ಮೇಲೂ ಮೋಟಾರ್ ಓಡಿದೆ. ಡೆಲ್ಟಾದಲ್ಲಾದರೆ (ಕಾಯಿಲ್‌ಗಳು ತ್ರಿಕೋನದಂತೆ ಸೇರಿರುತ್ತವೆ) ಒಂದೇ ಫೇಸ್ ಸುಟ್ಟಿರುತ್ತದೆ. ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್‌ನಲ್ಲಿ) ಒಂದು ಫ್ಯೂಸ್ ಹೋದರೂ ಸಾಕು, ಹೀಗಾಗುತ್ತದೆ. ಒಂದೇ ಜಾಗದಲ್ಲಿ ಚುಕ್ಕಿಯಂತೆ ಸುಟ್ಟಿದ್ದರೆ ಅಲ್ಲಿ ಇನ್ಸುಲೇಷನ್ ಹರಿದಿದೆ.

ಆಮೇಲೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು ಸ್ಟಾರ್ಟರ್ ತೆರೆಸಿ. ಓವರ್‌ಲೋಡ್ ರಿಲೇ (ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಭಾಗ) ಎಷ್ಟು ಆಂಪ್ಸ್‌ಗೆ ಇಟ್ಟಿದೆ? ಮೋಟಾರಿನ ನೇಮ್‌ಪ್ಲೇಟ್‌ನಲ್ಲಿರುವ ಆಂಪ್ಸ್‌ಗಿಂತ ಜಾಸ್ತಿ ಇಡಬಾರದು. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ರಿಲೇಯನ್ನೇ ಬೈಪಾಸ್ ಮಾಡಿದ ಸ್ಟಾರ್ಟರ್‌ಗಳು ಎಷ್ಟೋ ಇವೆ. ಅದು ತುಂಬಾ ದುಬಾರಿ ತಪ್ಪು. ಮೋಟಾರನ್ನು ಕಾಯಲೆಂದೇ ಅದು ಟ್ರಿಪ್ ಆಗುವುದು. ಕಾಂಟ್ಯಾಕ್ಟ್ ಸವೆದಿದೆಯಾ, ಸ್ಕ್ರೂ ಸಡಿಲವಾಗಿದೆಯಾ, ಕೇಬಲ್ ಜಾಯಿಂಟ್‌ಗೆ ನೀರು ಇಳಿದಿದೆಯಾ, ಅದನ್ನೂ ನೋಡಿ.

ಹೊಸ ವೈಂಡಿಂಗ್ ಇಳಿಸುವ ಮುಂಚೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ಹಾಕಿಸಿ. ನೀರಿಲ್ಲದೆ ಓಡದಂತೆ ಡ್ರೈ ರನ್ ರಕ್ಷಣೆಯೂ ಬೇಕು, ಯಾಕೆಂದರೆ ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಿರುವುದೇ ಸುತ್ತ ಹರಿಯುವ ನೀರಿನಿಂದ.

ಇನ್ನು ತಿಂಗಳಿಗೊಮ್ಮೆ ಎಲೆಕ್ಟ್ರಿಷಿಯನ್‌ರಿಂದ ಟಾಂಗ್ ಟೆಸ್ಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿಸಿ, ಮೂರೂ ಫೇಸಿನ ಆಂಪ್ಸ್ ಮತ್ತು ವೋಲ್ಟೇಜನ್ನು ತಾರೀಖಿನ ಜೊತೆ ಬರೆದಿಡಿ. ವೋಲ್ಟೇಜ್ ಸರಿಯಿದ್ದೂ ಆಂಪ್ಸ್ ನಿಧಾನವಾಗಿ ಏರುತ್ತಿದ್ದರೆ ಮರಳು ಸೇರಿ ಬುಷ್ (ಶಾಫ್ಟ್ ತಿರುಗುವ ಬೇರಿಂಗ್) ಸವೆಯುತ್ತಿರಬಹುದು. ಇಳಿಯುತ್ತಿದ್ದರೆ ಬೋರ್‌ನಲ್ಲಿ ನೀರು ಕಡಿಮೆಯಾಗುತ್ತಿರಬಹುದು. ವರ್ಷಕ್ಕೊಮ್ಮೆ, ಕೇಬಲನ್ನು ಸ್ಟಾರ್ಟರ್‌ನಿಂದ ಬಿಚ್ಚಿ 500 ವೋಲ್ಟ್ ಮೆಗ್ಗರ್‌ನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ನೋಡಿಸಿ. ರೀಡಿಂಗ್ 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಸುಡುವ ತನಕ ಕಾಯಬೇಡಿ, ಬಿಡುವಿರುವಾಗಲೇ ಮೇಲೆತ್ತಿಸಿ.

ಎರಡು ಫೇಸ್ ನಡುವಿನ ವೋಲ್ಟೇಜ್ 415ಕ್ಕಿಂತ ತೀರಾ ಕೆಳಗೇ ಇರುತ್ತಿದ್ದರೆ ತೊಂದರೆ ಲೈನಿನದು. ಬರೆದಿಟ್ಟ ಅಂಕಿಗಳನ್ನೇ ದೂರಿನ ಜೊತೆ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಕೊಡಿ, ಸ್ವೀಕೃತಿ ಪಡೆಯಿರಿ.