ಒಂದೇ ಪ್ರಶ್ನೆ, ಎರಡು ಊರು: ಅಥೆನ್ಸ್-ಸ್ಪಾರ್ಟಾ ಪಾಠ ಕೊನೆಗೂ ಕೈ ಹತ್ತಿದ್ದು

ನಾಲ್ಕು ವರ್ಷ ಹಿಡಿಯಿತು. ಎಂಟನೇ ತರಗತಿಯ ಗ್ರೀಕ್ ಪಾಠದಲ್ಲಿ ಅಥೆನ್ಸ್ ಮತ್ತು ಸ್ಪಾರ್ಟಾವನ್ನು ಮಕ್ಕಳು ಬಾಯಿಪಾಠ ಮಾಡದೆ, ತಾವೇ ಯೋಚಿಸಿ ಹೋಲಿಸಬೇಕು ಅನ್ನೋದು ನನ್ನ ಹಟ. ಹೋದ ವರ್ಷ ಅದು ಆಯಿತು. "ಆಟ ಆಡಿಸ್ತಾ ಕೂತ್ರೆ ಪೋರ್ಷನ್ ಯಾರು ಮುಗಿಸ್ತಾರೆ ಮೇಡಂ?" ಅಂದಿದ್ದ ಸಹೋದ್ಯೋಗಿಯೊಬ್ಬರು ಈ ವರ್ಷ ಈ ಪಾಠಕ್ಕೆ ನಾನು ಬಳಸುವ ಹೆಂಚಿನ ಚೂರುಗಳ ಚೀಲ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೋರ್ಡಿನ ನಡುವೆ ಗೀಟು ಎಳೆದು ಎಡಕ್ಕೆ ಅಥೆನ್ಸ್, ಬಲಕ್ಕೆ ಸ್ಪಾರ್ಟಾ ಬರೆಸುವುದು ನಾವೆಲ್ಲ ಮಾಡಿದ್ದೇ. ಈ ಕಡೆ ಪ್ರಜಾಪ್ರಭುತ್ವ, ಆ ಕಡೆ ಸೈನಿಕ ರಾಜ್ಯ. ಪರೀಕ್ಷೆಯಲ್ಲಿ ಎಷ್ಟೋ ಮಕ್ಕಳು ಎಡದ್ದನ್ನು ಬಲಕ್ಕೆ ಬರೆದಿಡುತ್ತಾರೆ. ಅವರದೇನೂ ತಪ್ಪಿಲ್ಲ. ಆ ಪಟ್ಟಿಯಲ್ಲಿ ಎರಡು ಊರೂ ಒಂದನ್ನೊಂದು ಮುಟ್ಟುವುದೇ ಇಲ್ಲ.

ಮೊದಲ ವರ್ಷ ಎ ವಿಭಾಗವನ್ನು ಅಥೆನ್ಸ್, ಬಿ ವಿಭಾಗವನ್ನು ಸ್ಪಾರ್ಟಾ ಮಾಡಿ ಒಂದು ವಾರ ಬಿಟ್ಟೆ. ಸ್ಪಾರ್ಟಾದ ಹುಡುಗರು ಏಳನೇ ವಯಸ್ಸಿಗೇ ಮನೆ ಬಿಟ್ಟು ತರಬೇತಿಗೆ ಸೇರುತ್ತಿದ್ದರು, ವರ್ಷಕ್ಕೆ ಒಂದೇ ಹೊದಿಕೆ, ಬರಿಗಾಲು ಅಂತ ಹೇಳಿದ್ದೇ ತಡ, ಬಿ ವಿಭಾಗಕ್ಕೆ ಹುರುಪು ಬಂತು. ಮೂರನೇ ದಿನ ವರಾಂಡದಲ್ಲಿ ಹೊಡೆದಾಟ. ಒಬ್ಬನ ತುಟಿ ಒಡೆಯಿತು, ಪೋಷಕರು ಬಂದರು. ಅಲ್ಲಿಗೆ ನಿಲ್ಲಿಸಿದೆ.

ಎರಡನೇ ವರ್ಷ ದುಡ್ಡು ಕಳೆದೆ. ಅಥೆನ್ಸಿನವರು ನ್ಯಾಯಸಭೆಗೆ ಜನರನ್ನು ಚೀಟಿ ಎತ್ತಿದಂತೆ ಆರಿಸಲು ಬಳಸುತ್ತಿದ್ದ ಕ್ಲೆರೊಟೀರಿಯನ್ ಗೊತ್ತಲ್ವಾ? ಸಾಲು ಸಾಲು ಸೀಳುಗಳಿರುವ ಕಲ್ಲಿನ ಹಲಗೆ. ಸೀಳಿಗೆ ಒಬ್ಬೊಬ್ಬರ ಹೆಸರು ಬರೆದ ಸಣ್ಣ ಪಟ್ಟಿ ಸಿಕ್ಕಿಸುವುದು, ಪಕ್ಕದ ಕೊಳವೆಗೆ ಕಪ್ಪು ಬಿಳಿ ಗುಂಡು ಸುರಿಯುವುದು. ಬಿಳಿ ಬಿದ್ದರೆ ಆ ಸಾಲು ಪೂರ್ತಿ ಆಯ್ಕೆ, ಕಪ್ಪು ಬಿದ್ದರೆ ಸಾಲು ಪೂರ್ತಿ ಮನೆಗೆ. ಥರ್ಮಾಕೋಲಿನಲ್ಲಿ ಮಾಡಿದ್ದು ಎರಡೇ ದಿನಕ್ಕೆ ಮುರಿಯಿತು, ಸುಮಾರು 300 ರೂಪಾಯಿ ಹೋಯಿತು. ಆಮೇಲೆ ಬಡಗಿ ಹತ್ತಿರ ಪ್ಲೈವುಡ್ಡಿನಲ್ಲಿ ಮಾಡಿಸಿದೆ. 1,200 ಕೊಟ್ಟ ನೆನಪು. ಸೀಳು ಅಗಲವಾಗಿ ಪಟ್ಟಿಗಳು ಉದುರುತ್ತಿದ್ದವು, ಗೋಲಿ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈಗಿರುವುದು ಬಟ್ಟೆ ಅಂಗಡಿಯ ರಟ್ಟಿನ ಡಬ್ಬ ಮತ್ತು ಒಂದಡಿ ವೈರಿಂಗ್ ಪೈಪು. ಗೋಲಿ ಸೇರಿ 100 ರೂಪಾಯಿಯೂ ಆಗಿಲ್ಲ. ಗೋಲಿ ಪೈಪಿನಲ್ಲಿ ನಿಲ್ಲದೆ ಒಂದೊಂದೇ ಬೀಳುವ ಹಾಗೆ ಮಾಡಲು ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಶಾಲೆಗೆ ಬಂದರೆ ತೋರಿಸುತ್ತೇನೆ.

ಆದರೆ ಸಾಮಾನಿನಿಂದ ಪಾಠ ಆಗಲಿಲ್ಲ. ಎರಡು ಊರಿಗೂ ತಟ್ಟುವ ಒಂದೇ ಪ್ರಶ್ನೆ ಬೇಕಿತ್ತು. ಅದು ಸಿಕ್ಕಿದ್ದು ಮೂರನೇ ವರ್ಷ, ಕ್ರಿ.ಪೂ. 462ರ ಘಟನೆಯಲ್ಲಿ.

464ರಲ್ಲಿ ಸ್ಪಾರ್ಟಾಕ್ಕೆ ದೊಡ್ಡ ಭೂಕಂಪ. ಅವರ ಹೊಲ ಗೇಯುತ್ತಿದ್ದ ಜೀತದಾಳುಗಳಾದ ಹೆಲಟರು ದಂಗೆ ಎದ್ದು ಇಥೋಮೆ ಬೆಟ್ಟ ಹಿಡಿದರು. ಸ್ಪಾರ್ಟಾ ಅಥೆನ್ಸಿನ ನೆರವು ಕೇಳಿತು. ಕೊಡಬೇಕಾ, ಬೇಡವಾ? ಅಥೆನ್ಸಿನ ಸಭೆಯಲ್ಲಿ ಎಫಿಯಾಲ್ಟೀಸ್ ಅನ್ನುವ ನಾಯಕ ಬೇಡ ಅಂದ: ಎದುರಾಳಿ ಬಿದ್ದಿದ್ದಾನೆ, ಬಿದ್ದಿರಲಿ. ಸೇನಾಪತಿ ಕಿಮೋನ್ ಹೋಗೋಣ ಅಂದ: ಗ್ರೀಸ್ ಕುಂಟಾಗಬಾರದು, ನಮ್ಮ ಊರು ತನ್ನ ಜೋಡೆತ್ತನ್ನು ಕಳೆದುಕೊಳ್ಳಬಾರದು. ಜೋಡೆತ್ತು ನಾನು ಸೇರಿಸಿದ್ದಲ್ಲ. ಒಂದೇ ನೊಗದ ಜೊತೆಗಾರ ಅನ್ನುವ ಮಾತನ್ನೇ, ಮುಂದೆ ಕಿಮೋನನ ಜೀವನಚರಿತ್ರೆ ಬರೆದ ಪ್ಲುಟಾರ್ಕ್ ದಾಖಲಿಸಿದ್ದಾನೆ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಬೇಸಾಯದ ಮನೆಯವರು. ಒಂಟಿ ಎತ್ತು ಕಟ್ಟಿಕೊಂಡು ಏನು ಮಾಡ್ತೀರಿ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಥೆನ್ಸಿನ ಪೀರಿಯಡ್ ಹೀಗೆ. ವರಾಂಡದಲ್ಲಿ ಹರಟುವವರನ್ನು ಕೆಂಪು ಬಣ್ಣ ಸವರಿದ ಹಗ್ಗ ಹಿಡಿದು ಒಳಗೆ ದಬ್ಬುತ್ತೇವೆ. ಬಣ್ಣ ತಾಗಿದವರು ಸಿಕ್ಕಿಬಿದ್ದಂತೆ. ಕಿಮೋನನ ನಂತರದ ಕಾಲದ ಅರಿಸ್ಟೋಫೇನನ ನಾಟಕದಲ್ಲಿ ಈ ಹಗ್ಗ ಬರುತ್ತದೆ. ಸೀಮೆಸುಣ್ಣದ ಪುಡಿ ಸಾಕು, ಕುಂಕುಮ ಬಳಸಬೇಡಿ, ಯೂನಿಫಾರಂಗೆ ಹತ್ತಿದರೆ ಹೋಗುವುದಿಲ್ಲ. ಆಮೇಲೆ ಯಾರು ಬೇಕಾದರೂ ಎದ್ದು ಮಾತಾಡಬಹುದು, ಕೈ ಎತ್ತಿ ಮತ. ಕಿಮೋನ್ ಮತ್ತು ಎಫಿಯಾಲ್ಟೀಸ್ ಆಗುವವರಿಗೆ ಹಿಂದಿನ ದಿನವೇ ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ ಏನಿರುತ್ತದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮುಂದಿನ ವರ್ಷದ ಮಕ್ಕಳೂ ಇದನ್ನು ಓದಬಹುದು.

ಹೋದ ವರ್ಷ 31 ಮಕ್ಕಳಲ್ಲಿ 18-13ರಿಂದ ಸೈನ್ಯ ಕಳಿಸುವುದು ಗೆದ್ದಿತು. ಚಪ್ಪಾಳೆ ಮುಗಿದ ಮೇಲೆ ಹುಡುಗಿಯರ ಕೈ ಇಳಿಸಿ ಮತ್ತೆ ಎಣಿಸಿದೆ. ಅಥೆನ್ಸಿನಲ್ಲಿ ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಸಭೆಯಲ್ಲಿ ಜಾಗ ಇರಲಿಲ್ಲವಲ್ಲ. 7-8 ಆಯಿತು. ಸೈನ್ಯ ಹೋಗುವುದಿಲ್ಲ. ತರಗತಿ ಗಪ್ಪಾಯಿತು. ಒಬ್ಬಳು ಕೇಳಿದಳು, "ಸ್ಪಾರ್ಟಾದಲ್ಲಾದ್ರೂ ನಮಗೆ ಓಟಿತ್ತಾ ಮಿಸ್?" ಇರಲಿಲ್ಲ. ಆದರೆ ಹುಡುಗಿಯರಿಗೂ ಓಡುವ ಪಂದ್ಯ, ಕಸರತ್ತು ಇತ್ತು, ಆಸ್ತಿ ಇತ್ತು. ಅಲ್ಲಿ ಐದರಲ್ಲಿ ಎರಡು ಪಾಲು ಜಮೀನು ಹೆಂಗಸರ ಕೈಯಲ್ಲಿದೆ ಅಂತ ಮುಂದೆ ಅರಿಸ್ಟಾಟಲ್ ಬರೆಯುತ್ತಾನೆ. "ಜಮೀನಿದ್ರೂ ಮಾತಿಲ್ವಾ?" ಅಂದಳು. ಪರೀಕ್ಷೆಯಲ್ಲಿ ಅದೇ ವಾಕ್ಯ ಬರೆದಿದ್ದಳು, ಪೂರ್ಣ ಅಂಕ ಕೊಟ್ಟೆ.

ಮಾರನೇ ದಿನ ಸ್ಪಾರ್ಟಾ. ಪ್ರಶ್ನೆ ಅದೇ, ಈಗ ಆ ಕಡೆಯಿಂದ. ಕಿಮೋನ್ 4,000 ಭಟರ ಜೊತೆ ಬಂದಿದ್ದಾನೆ. ಈ ಮಾತುಗಾರ ಜನರನ್ನು ಊರಲ್ಲಿ ಇಟ್ಟುಕೊಳ್ಳಬೇಕಾ? ಮಕ್ಕಳಲ್ಲಿ ಇಬ್ಬರು ರಾಜರು, ಐವರು ಎಫರರು (ವರ್ಷಕ್ಕೊಮ್ಮೆ ಆರಿಸುತ್ತಿದ್ದ ಮೇಲಧಿಕಾರಿಗಳು), ಕೆಲವರು ಹಿರಿಯರು. ನಿಜಕ್ಕೆ ಹಿರಿಯರು 28 ಮಂದಿ, ಎಲ್ಲರೂ 60 ದಾಟಿದವರು. ಸಭೆಯಲ್ಲಿ ಕೂತ ಉಳಿದ ಮಕ್ಕಳಿಗೆ ಮಾತಾಡುವ ಹಾಗಿಲ್ಲ, ಕೊನೆಗೆ ಕೂಗಬಹುದು ಅಷ್ಟೆ. ಹಿಂದಿನ ದಿನ ಅಥೆನ್ಸನ್ನು ನೋಡಿದ ಮಕ್ಕಳಿಗೆ ಇದು ತಡೆಯಲಾಗುವುದಿಲ್ಲ. ಈ ಚಡಪಡಿಕೆಯೇ ನನಗೆ ಬೇಕಾದದ್ದು.

ಹಿರಿಯರನ್ನು ಆರಿಸುವುದೂ ಕೂಗಿನಿಂದಲೇ. ಅಲ್ಲಿ ತೀರ್ಪುಗಾರರನ್ನು ಪಕ್ಕದ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ಯಾರು ಮುಂದೆ ಬಂದರು ಅಂತ ಅವರಿಗೆ ಕಾಣದು, ಯಾವ ಸರದಿಗೆ ಕೂಗು ಜೋರು ಅಂತ ಬರೆದುಕೊಳ್ಳಬೇಕು. ನಾನು ಮೂರು ಮಕ್ಕಳನ್ನು ಲ್ಯಾಬಿನಲ್ಲಿ ಕೂರಿಸುತ್ತೇನೆ. ಕೂಗಿಗೂ ಲೆಕ್ಕಕ್ಕೂ ತಾಳೆ ಆಗುತ್ತಾ ಅನ್ನುವ ಕುತೂಹಲಕ್ಕೆ ಒಂದು ಸಲ ಪ್ರತಿ ಕೂಗಿನ ಹಿಂದೆಯೇ ಕೈಯನ್ನೂ ಎಣಿಸಿದೆ. ಒಂಬತ್ತರಲ್ಲಿ ಆರು ಸಲ ಸರಿಹೋಯಿತು ಅಂತ ನೆನಪು. ಉಳಿದ ಮೂರರಲ್ಲಿ ಕಬಡ್ಡಿ ತಂಡದ ನಾಲ್ಕು ಹುಡುಗರು ಗೆಲ್ಲಿಸಿಬಿಟ್ಟಿದ್ದರು. ಸ್ಪಾರ್ಟಾದವರಿಗೂ ಈ ತೊಡಕು ಗೊತ್ತಿತ್ತು. 432ರಲ್ಲಿ ಅಥೆನ್ಸಿನ ಮೇಲೆ ಯುದ್ಧದ ಮಾತು ಬಂದಾಗ ಎಫರ್ ಸ್ಥೆನೆಲೈಡಸ್, ಯಾವ ಕೂಗು ಜೋರು ಅಂತ ತಿಳಿಯಲಿಲ್ಲ ಅಂತ ಹೇಳಿ ಜನರನ್ನು ಎಬ್ಬಿಸಿ ಎರಡು ಕಡೆ ನಿಲ್ಲಿಸಿದ.

ಹೆಲಟರ ಪಾತ್ರವನ್ನು ನಾನು ಯಾವ ಮಗುವಿಗೂ ಕೊಡುವುದಿಲ್ಲ. ದಯವಿಟ್ಟು ನೀವೂ ಕೊಡಬೇಡಿ. ಅದರ ಬದಲು ಸ್ಪಾರ್ಟಾದ ಪ್ರತಿ ಮಗುವಿನ ಮುಂದೆ ಒಂದು ಅವರೆಕಾಳು, ಏಳು ಹುರುಳಿ ಇಡುತ್ತೇನೆ. 479ರಲ್ಲಿ ಪ್ಲಾಟಿಯಾ ಯುದ್ಧಕ್ಕೆ ಹೋದ 5,000 ಸ್ಪಾರ್ಟನ್ನರಲ್ಲಿ ಒಬ್ಬೊಬ್ಬನ ಜೊತೆ ಏಳು ಹೆಲಟರಿದ್ದರು ಅಂತ ಇತಿಹಾಸಕಾರ ಹೆರೊಡೊಟಸ್ ಲೆಕ್ಕ ಕೊಡುತ್ತಾನೆ. "ಈ ಏಳೂ ಒಟ್ಟಿಗೆ ಎದ್ದರೆ?" ಅಂತ ಕೇಳಿ ಸುಮ್ನೆ ನಿಲ್ಲುತ್ತೇನೆ. ಅಷ್ಟು ಕಸರತ್ತು ಯಾಕೆ, ಪ್ರತಿ ವರ್ಷ ಎಫರರು ಹೆಲಟರ ಮೇಲೆ ಯುದ್ಧ ಸಾರುತ್ತಿದ್ದದ್ದು ಯಾಕೆ, ಎಲ್ಲ ಆ ಕಾಳು ನೋಡಿಯೇ ಬರುತ್ತದೆ. ಬಂದ ನಂಟರು ದಂಗೆಕೋರರ ಕಡೆ ವಾಲಿಬಿಟ್ಟಾರು ಅನ್ನುವ ಭಯವೂ ಬರುತ್ತದೆ. ಇತಿಹಾಸದಲ್ಲೂ ಸ್ಪಾರ್ಟಾಕ್ಕೆ ಇದೇ ಭಯ ಬಂತು. ನೆರವಿಗೆ ಬಂದವರಲ್ಲಿ ಅಥೆನ್ಸಿನವರನ್ನು ಮಾತ್ರ, ಇನ್ನು ನಿಮ್ಮ ಅಗತ್ಯವಿಲ್ಲ ಅಂತ ವಾಪಸ್ ಕಳಿಸಿದರು. ಅವಮಾನ ಹೊತ್ತು ಬಂದ ಕಿಮೋನನನ್ನು 461ರಲ್ಲಿ ಅಥೆನ್ಸು ಹತ್ತು ವರ್ಷ ಊರಾಚೆ ಹಾಕಿತು.

ಈ ಊರಾಚೆ ಹಾಕುವ ಮತವೇ ಮೂರನೇ ದಿನದ ಪಾಠ. ನನ್ನ ದೊಡ್ಡ ತಪ್ಪೂ ಇಲ್ಲೇ ಆಗಿದ್ದು. ಅಥೆನ್ಸಿನವರು ಮಡಕೆ ಚೂರಿನ ಮೇಲೆ ಊರಾಚೆ ಹಾಕಬೇಕಾದವನ ಹೆಸರು ಗೀಚುತ್ತಿದ್ದರು, ಒಟ್ಟು 6,000 ಚೂರು ಬೀಳಬೇಕಿತ್ತು. ನಾನು ಹಳೇ ಮನೆಯ ಹೆಂಚು ಒಡೆದು ಅಂಚು ಉಜ್ಜಿ ಕೊಟ್ಟೆ. ಮೂರನೇ ವರ್ಷ, ಯಾರ ಹೆಸರಾದರೂ ಬರೆಯಿರಿ ಅಂದುಬಿಟ್ಟೆ. ಇಪ್ಪತ್ತಕ್ಕೂ ಜಾಸ್ತಿ ಚೂರಿನಲ್ಲಿ ಒಬ್ಬ ಮೆತ್ತನೆಯ ಹುಡುಗನ ಹೆಸರು. ಅವನು ಎರಡು ದಿನ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಅವನ ಹತ್ತಿರ, ಅವನ ಅಮ್ಮನ ಹತ್ತಿರ ಕ್ಷಮೆ ಕೇಳಿದೆ. ಈಗ ಕಿಮೋನ್, ಎಫಿಯಾಲ್ಟೀಸ್ ಎರಡೇ ಹೆಸರು.

ಹೋದ ವರ್ಷ ಸಂಜೆ ಸ್ಟಾಫ್ ರೂಮಿನಲ್ಲಿ ಚೂರು ಎಣಿಸುತ್ತಿದ್ದೆ. 31 ಇರಬೇಕಾದಲ್ಲಿ 31 ಇತ್ತು. ಆದರೆ ಏಳು ಚೂರಿನಲ್ಲಿ 'ಮೋ' ಅಕ್ಷರದ ಕೊಂಬು ಒಂದೇ ರೀತಿ ಸುರುಳಿ ಸುತ್ತಿತ್ತು. ಮಾರನೇ ದಿನ ಕೇಳಿದರೆ, ಹಿಂದಿನ ಬೆಂಚಿನವನೊಬ್ಬ ಮಧ್ಯಾಹ್ನದ ಊಟದ ಹೊತ್ತಲ್ಲೇ ಬರೆದು ಗೆಳೆಯರಿಗೆ ಹಂಚಿದ್ದ. ನಾನು ಬೈಯಲಿಲ್ಲ. ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡದ ಉತ್ತರ ಬದಿಯ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲಿಸ್ ಅನ್ನುವ ಇನ್ನೊಬ್ಬ ನಾಯಕನ ಹೆಸರಿನ ಸುಮಾರು 190 ಚೂರು ಸಿಕ್ಕಿವೆ, ಬರೆದ ಕೈ ಮಾತ್ರ ಹದಿನಾಲ್ಕೇ ಅಂತ ಹೇಳಿದೆ. ಇಡೀ ತರಗತಿ ಎದ್ದು ಮೇಜಿನ ಸುತ್ತ ಮುತ್ತಿಕೊಂಡಿತು. ಅಕ್ಷರ ಹೋಲಿಸಿ ಇನ್ನೂ ಎರಡು ಚೂರು ಅವರೇ ಹಿಡಿದುಕೊಟ್ಟರು.

ಮೂರು ಪೀರಿಯಡ್ ಸಾಕು, ಪೋರ್ಷನ್ನೂ ಮುಗಿಯಿತು. ಮೊದಲು ಎರಡೂ ವಿಭಾಗ ಸೇರಿ 60ರಲ್ಲಿ ಎಂಟೋ ಒಂಬತ್ತೋ ಮಕ್ಕಳು ಕಾರಣ ಕೊಟ್ಟು ಹೋಲಿಕೆ ಬರೆಯುತ್ತಿದ್ದರು. ಹೋದ ವರ್ಷ 40ರ ಹತ್ತಿರ. ನಾಲ್ಕು ವರ್ಷದಲ್ಲಿ ಕೈಯಿಂದ ಹೋದದ್ದು 2,000ಕ್ಕೆ ಸ್ವಲ್ಪ ಮೇಲೆ. ಈಗ ವರ್ಷಕ್ಕೆ ಕಾಳು, ಸೀಮೆಸುಣ್ಣ ಸೇರಿ 150 ರೂಪಾಯಿ.

ಈ ಸಲ ಸ್ಪಾರ್ಟಾದ ಗಂಡಸರು ಒಟ್ಟಿಗೆ ಕೂತು ಉಣ್ಣುತ್ತಿದ್ದ ಊಟದ ಪಂಕ್ತಿಯನ್ನೂ ಸೇರಿಸುತ್ತಿದ್ದೇನೆ. ಹೊಸಬನನ್ನು ಪಂಕ್ತಿಗೆ ಸೇರಿಸಿಕೊಳ್ಳಲು ಪ್ರತಿಯೊಬ್ಬನೂ ರೊಟ್ಟಿಯ ಮೆದು ಉಂಡೆ ಹಾಕಬೇಕು, ಬೇಡ ಅನ್ನುವವನು ಅದನ್ನು ಹಿಚುಕಿ ಹಾಕುತ್ತಾನೆ, ಒಂದೇ ಒಂದು ಉಂಡೆ ಚಪ್ಪಟೆಯಾಗಿದ್ದರೂ ಅವನು ಹೊರಗೆ. ಇಲ್ಲೂ ಮಗುವಿನ ಹೆಸರಿಲ್ಲ, ನಾನು ಕಟ್ಟಿದ ಪಾತ್ರಗಳು ಮಾತ್ರ. ಚಪಾತಿ ಹಿಟ್ಟಿನಲ್ಲಿ ಮನೆಯಲ್ಲಿ ಮಾಡಿ ನೋಡಿದೆ, ಒಣಗಿ ಬಿರುಕು ಬಿಡುತ್ತದೆ. ರಾಗಿಮುದ್ದೆ ಸರಿಯಾಗಿ ನಿಂತಿತು.