ವಿಷಯ ಹೊಳೆಯದಿದ್ದಾಗ ನಾನು ಹುಡುಕುವ ಜಾಗಗಳು

ಆರೋಗ್ಯ ಮತ್ತು ವಿಜ್ಞಾನದ ಬಗ್ಗೆ ಹಲವು ವರ್ಷಗಳಿಂದ ನಿಯಮಿತವಾಗಿ ಲೇಖನ ಬರೆಯುತ್ತಾ ಬಂದಿರುವ ನನಗೆ, ಬರೆಯುವ ಕಷ್ಟಕ್ಕಿಂತ ಏನನ್ನು ಬರೆಯಬೇಕೆಂಬ ಕಷ್ಟವೇ ಹೆಚ್ಚು ಕಾಡಿದೆ. ಸ್ಫೂರ್ತಿ ಬತ್ತಿತೆಂದು ಅನ್ನಿಸಿದಾಗಲೆಲ್ಲ ನಾನು ಹೊರಗೆ ಹುಡುಕುವ ಮೊದಲು ನನ್ನದೇ ಹಳೆಯ ಲೇಖನಗಳನ್ನು ತೆಗೆದು ಓದುತ್ತೇನೆ. ಅವುಗಳಲ್ಲಿ ಚೆನ್ನಾಗಿ ಮೂಡಿಬಂದ ಭಾಗಗಳನ್ನು ಬಿಟ್ಟು, ‘ಮುಂತಾದ’, ‘ಇತ್ಯಾದಿ’, ‘ಹಲವು ಕಾರಣಗಳಿಂದ’ ಎಂದು ಬರೆದು ಮುಂದೆ ಸಾಗಿದ ವಾಕ್ಯಗಳಿಗೆ ಗುರುತು ಹಾಕುತ್ತೇನೆ. ಪುಟದ ಮಿತಿಯಿಂದಲೋ ಲೇಖನದ ದಿಕ್ಕು ಬೇರೆಯಾಗಿದ್ದುದರಿಂದಲೋ ಆಗ ವಿವರಿಸದೆ ಬಿಟ್ಟ ಸಂಗತಿಗಳು ಅಂಥ ವಾಕ್ಯಗಳಲ್ಲೇ ಉಳಿದಿರುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ನಿದ್ದೆಯ ಕುರಿತ ಹಳೆಯ ಲೇಖನವೊಂದರಲ್ಲಿ, “ತಡಸಂಜೆಯ ಕಾಫಿ, ಮಲಗುವ ಹೊತ್ತಿನ ಬೆಳಕು ಮುಂತಾದ ಕಾರಣಗಳಿಂದ ರಾತ್ರಿಯ ನಿದ್ದೆ ಕೆಡುತ್ತದೆ” ಎಂಬ ಒಂದು ಸಾಲಿತ್ತು. ಬೆಳಕು ನಿದ್ದೆಯನ್ನು ಕೆಡಿಸುವುದು ಹೇಗೆ ಎಂದು ಕೇಳಿಕೊಂಡು ಓದತೊಡಗಿದಾಗ, ನೋಡುವುದಕ್ಕೆ ನೆರವಾಗುವ ಎರಡು ಬಗೆಯ ಕೋಶಗಳಲ್ಲದೆ, ಮೆಲನಾಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಮೂರನೆಯ ಬಗೆಯ ಕೋಶಗಳೂ ಕಣ್ಣಿನ ಅಕ್ಷಿಪಟಲದಲ್ಲಿವೆ ಎಂಬುದು ತಿಳಿಯಿತು. ಈ ಕೋಶಗಳು ತಾವಾಗಿಯೇ ಬೆಳಕಿಗೆ ಸ್ಪಂದಿಸುತ್ತವೆ ಎಂಬುದನ್ನು ವಿಜ್ಞಾನಿಗಳು 2002ರಲ್ಲಿ ತೋರಿಸಿದರು. ಸುಮಾರು 480 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಅವುಗಳ ಸಂಕೇತದಿಂದಲೇ ಮಿದುಳಿಗೆ ಹಗಲು-ರಾತ್ರಿಯ ಲೆಕ್ಕ ಸಿಗುತ್ತದೆ. ಏನನ್ನೂ ನೋಡಲಾಗದ ಕೆಲವರಲ್ಲಿ ಕೂಡ ಬೆಳಕು ದೇಹದ ಗಡಿಯಾರವನ್ನು ಸರಿಹೊಂದಿಸಬಲ್ಲದು ಎಂಬ ವಿಷಯ ಎದುರಾದ ಮೇಲೆ ಲೇಖನಕ್ಕೆ ಬೇರೆ ಆರಂಭ ಹುಡುಕಬೇಕಾಗಲಿಲ್ಲ. ಕಾಫಿಯ ಮಾತಿನಿಂದ ಮತ್ತೊಂದು ಲೇಖನ ಹುಟ್ಟಿತು. ಆರೋಗ್ಯವಂತ ವಯಸ್ಕರಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆಯಷ್ಟು ಬೇಕಾಗುವುದರಿಂದ, ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧದಷ್ಟು ಕೆಫೀನ್ ರಾತ್ರಿ ಹನ್ನೊಂದಕ್ಕೂ ದೇಹದಲ್ಲಿರುತ್ತದೆ. ಧೂಮಪಾನ ಮಾಡುವವರಲ್ಲಿ ಅದು ಬೇಗ ಇಳಿಯುತ್ತದೆ, ಗರ್ಭಿಣಿಯರಲ್ಲಿ ಬಹಳ ನಿಧಾನ. ಹೀಗೇಕೆ ಎಂಬುದು ಇನ್ನೂ ಒಂದು ಲೇಖನದ ವಿಷಯ.

ಈ ಕ್ರಮದಿಂದ ನನಗೆ ಮನವರಿಕೆಯಾದದ್ದು ಇಷ್ಟು: ‘ನಿದ್ದೆ’, ‘ನೀರು’, ‘ವ್ಯಾಯಾಮ’ ಎಂದು ಟಿಪ್ಪಣಿ ಪುಸ್ತಕದಲ್ಲಿ ಒಂದೊಂದೇ ಪದ ಬರೆದಿಟ್ಟರೆ ಅದರಿಂದ ಮುಂದೆ ಯಾವ ಉಪಯೋಗವೂ ಆಗುವುದಿಲ್ಲ. ತಿಂಗಳು ಕಳೆದು ಪುಟ ತಿರುವಿದಾಗ ಅವು ಏನನ್ನೂ ನೆನಪಿಸುವುದಿಲ್ಲ. ಅದಕ್ಕಾಗಿ, ಓದುವಾಗ ಅಥವಾ ಯಾರೊಡನೆಯಾದರೂ ಮಾತನಾಡುವಾಗ ಮೂಡಿದ ಸಂದೇಹವನ್ನು ಪ್ರಶ್ನಾರ್ಥಕ ಚಿಹ್ನೆಯವರೆಗೆ ಪೂರ್ಣ ವಾಕ್ಯವಾಗಿ ಬರೆದುಕೊಳ್ಳುತ್ತೇನೆ. ಅದು ಎಲ್ಲಿ ಮೂಡಿತು ಎಂಬುದನ್ನೂ ಕೆಳಗೆ ಸೇರಿಸುತ್ತೇನೆ. ಪೂರ್ಣ ಪ್ರಶ್ನೆಗೆ ಉತ್ತರ ಬೇಕೆನ್ನಿಸುತ್ತದೆ, ಆ ಉತ್ತರದ ಹುಡುಕಾಟದಲ್ಲೇ ಲೇಖನದ ಚೌಕಟ್ಟು ರೂಪುಗೊಳ್ಳುತ್ತದೆ.

ನಾನು ನಂಬಿದ್ದಕ್ಕೆ ವಿರುದ್ಧವಾಗಿ ನಿಲ್ಲುವ ಸಂಗತಿಗಳಿಗೆಂದೇ ಕೆಲವು ಪುಟಗಳನ್ನು ಬೇರೆಯಾಗಿ ಇಟ್ಟಿದ್ದೇನೆ. ಇದನ್ನು ನಾನು ಚಾರ್ಲ್ಸ್ ಡಾರ್ವಿನ್‌ರಿಂದ ಕಲಿತೆ. ತಮ್ಮ ನಿರ್ಣಯಗಳಿಗೆ ವಿರುದ್ಧವಾದ ಸಂಗತಿಯೋ ಆಲೋಚನೆಯೋ ಕಂಡ ಕೂಡಲೇ ತಪ್ಪದೆ ಬರೆದಿಡುತ್ತಿದ್ದುದಾಗಿ, ಅನುಕೂಲವಾದವುಗಳಿಗಿಂತ ಅಂಥವು ಬೇಗ ಮರೆತುಹೋಗುತ್ತವೆಂಬುದು ಅನುಭವದಿಂದ ತಿಳಿದಿದ್ದುದಾಗಿ ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಲೇಖನದ ದೃಷ್ಟಿಯಿಂದಲೂ ಈ ಪುಟಗಳಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ. ಎಲ್ಲರೂ ದಿನಕ್ಕೆ ಎಂಟು ಲೋಟ ನೀರು ಕುಡಿಯಲೇಬೇಕೆಂಬ ಮಾತಿಗೆ ಗಟ್ಟಿಯಾದ ಆಧಾರವಿಲ್ಲ, ನಾವು ತಿನ್ನುವ ಆಹಾರದಿಂದಲೂ ದೇಹಕ್ಕೆ ಸಾಕಷ್ಟು ನೀರು ಸೇರುತ್ತದೆ ಎಂದು ಓದಿದ ದಿನ ನಾನು ಬರೆದುಕೊಂಡ ಟಿಪ್ಪಣಿ, ಮುಂದೆ ಬಹಳ ಓದುಗರನ್ನು ತಲುಪಿದ ಲೇಖನವಾಯಿತು. ಓದುಗರೂ ನನ್ನಂತೆಯೇ ಆ ಮಾತನ್ನು ನಂಬಿದ್ದರು. ಆದ್ದರಿಂದ ಅವರಿಗೆ ಅದು ತಮ್ಮದೇ ಪ್ರಶ್ನೆಯೆನ್ನಿಸಿತು.

ಯಾವುದೇ ವೃತ್ತಿಯವರೊಡನೆ ಮಾತಿಗೆ ಕುಳಿತರೂ ನಾನು ಒಂದು ಪ್ರಶ್ನೆಯನ್ನು ಕೇಳದೆ ಏಳುವುದಿಲ್ಲ: “ನಿಮ್ಮ ಕೆಲಸದ ಬಗ್ಗೆ ಹೊರಗಿನವರು ತಪ್ಪಾಗಿ ತಿಳಿದುಕೊಂಡಿರುವುದು ಏನು?” ದಾದಿಯರು, ಬಡಗಿಗಳು, ಗ್ರಂಥಪಾಲಕರು ಯಾರೇ ಆಗಲಿ, ಈ ಪ್ರಶ್ನೆಗೆ ಮಾತ್ರ ಉತ್ಸಾಹದಿಂದ ಉತ್ತರ ಕೊಡುತ್ತಾರೆ.

ಇಷ್ಟಾದರೂ ಏನೂ ಹೊಳೆಯದ ದಿನಗಳು ಬರುತ್ತವೆ. ಆಗ ವಿಶ್ರಾಂತಿ ಬೇಕು ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಷರತ್ತಿನ ಮೇಲೆ. ವಾಹನವೊಂದರ ಮೆಟ್ಟಿಲಿಗೆ ಕಾಲಿಡುತ್ತಿದ್ದ ಕ್ಷಣದಲ್ಲಿ ತಮಗೆ ಗಣಿತದ ಮುಖ್ಯ ಹೊಳಹೊಂದು ಸಿಕ್ಕಿದ್ದನ್ನು ಫ್ರೆಂಚ್ ಗಣಿತಜ್ಞ ಆನ್ರಿ ಪ್ವಾಂಕರೆ 1908ರಲ್ಲಿ ಬಣ್ಣಿಸಿದ್ದಾರೆ. ಈ ಪ್ರಸಂಗವನ್ನು ಉದಾಹರಿಸುವವರು, ಅದಕ್ಕೆ ಮೊದಲು ಅವರು ಅದೇ ವಿಷಯದ ಮೇಲೆ ಹಟ ಹಿಡಿದು ದುಡಿದಿದ್ದರೆಂಬುದನ್ನು ಬಿಟ್ಟುಬಿಡುವುದುಂಟು. ಆದುದರಿಂದ ವಾಕಿಂಗ್‌ಗೆ ಹೊರಡುವ ಮುನ್ನ ನಾನು ಒಂದು ಪ್ರಶ್ನೆಯನ್ನು ಆರಿಸಿ, ಅದರ ಬಗ್ಗೆ ಈಗಾಗಲೇ ತಿಳಿದಿರುವುದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದಿಟ್ಟು ಹೋಗುತ್ತೇನೆ. ಮರಳಿದ ಮೇಲೂ ದಾರಿ ಕಾಣದಿದ್ದರೆ ಹಾಳೆಯನ್ನು ಹರಿಯುವುದಿಲ್ಲ. ಯಾವ ಮಾಹಿತಿ ಸಿಗದೆ ಕೆಲಸ ನಿಂತಿತು, ಯಾರನ್ನು ಕೇಳಬೇಕು, ಯಾವ ಪುಸ್ತಕ ನೋಡಬೇಕು ಎಂಬುದನ್ನು ಅದರ ಕೊನೆಗೆ ಬರೆದು ಕಡತದಲ್ಲಿ ಸೇರಿಸಿ, ಮುಂದಿನ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ.